ಹಗ್ಗ ಯಾವ ಇಲಾಖೆಗೆ ಸೇರಿದ್ದು?

ಶಿಲ್ಪಿ ಮೃಣಾಲಿನಿ ಮುಖರ್ಜಿಯವರನ್ನು ಕುರಿತ ಬರೆಹಗಳಲ್ಲಿ ಒಂದು ವಾಕ್ಯ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಮತ್ತೆ ಮತ್ತೆ ಎದುರಾಗುತ್ತದೆ. ಅವರು ಸಣಬಿನ ಹಗ್ಗದಿಂದ ಆರಂಭಿಸಿದರು, ಅನಂತರ ಮಣ್ಣಿನ ಕಡೆ ಹೊರಳಿದರು, ಕಡೆಗೆ ಕಂಚನ್ನು ತಲುಪಿದರು ಎಂಬುದೇ ಆ ವಾಕ್ಯ. ಕಾಲಾನುಕ್ರಮವಾಗಿ ಇದರಲ್ಲಿ ದೊಡ್ಡ ತಪ್ಪಿಲ್ಲ. ನನ್ನ ತಕರಾರು ‘ತಲುಪಿದರು’ ಎಂಬ ಕ್ರಿಯಾಪದದ ಮೇಲೆ. ಊರನ್ನು ತಲುಪುತ್ತೇವೆ, ಶಿಖರವನ್ನು ತಲುಪುತ್ತೇವೆ. ಹೊರಟ ಜಾಗಕ್ಕಿಂತ ತಲುಪಿದ ಜಾಗ ಹೆಚ್ಚಿನದು ಎಂಬ ಭಾವ ಆ ಪದದೊಳಗೆ ಅಡಗಿ ಕುಳಿತಿದೆ. ಹಗ್ಗ ಕೆಳಗಿನ ಮೆಟ್ಟಿಲು, ಮಣ್ಣು ನಡುವಿನದು, ಕಂಚು ಮೇಲಿನದು. ಈ ಏಣಿಯನ್ನು ಇಟ್ಟವರಾರು, ಯಾವಾಗ ಇಟ್ಟರು ಎಂಬ ಪ್ರಶ್ನೆಯನ್ನು ದೆಹಲಿಯಲ್ಲಿ ನೌಕರಿ ಮಾಡಿಕೊಂಡಿರುವ, ಕಲೆಯ ವಿಷಯದಲ್ಲಿ ಕೇವಲ ಪ್ರೇಕ್ಷಕನಾದ ನಾನು ಎತ್ತುವುದು ಅಧಿಕಪ್ರಸಂಗವೆನ್ನಿಸಬಹುದು. ಆದರೆ ಏಣಿಯ ಒಂದೆರಡು ಮೆಟ್ಟಿಲುಗಳು ನಮ್ಮ ಸರ್ಕಾರಿ ಕಡತಗಳಿಂದಲೇ ತಯಾರಾದವು ಎಂದು ನನಗೆ ತೋರುವುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೃಣಾಲಿನಿಯವರು ಹುಟ್ಟಿದ್ದು 1949ರಲ್ಲಿ, ಮುಂಬಯಿಯಲ್ಲಿ. ತಂದೆ ಶಾಂತಿನಿಕೇತನದ ಹಿರಿಯ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ; ತಾಯಿ ಲೀಲಾ ಮುಖರ್ಜಿ ಮರದ ಕೆತ್ತನೆಯಲ್ಲಿ ಹೆಸರಾದ ಶಿಲ್ಪಿ. ಬಾಲ್ಯ ಕಳೆದದ್ದು ಡೆಹರಾಡೂನಿನಲ್ಲಿ ಮತ್ತು ಶಾಂತಿನಿಕೇತನದಲ್ಲಿ. ಬಿನೋದ್ ಬಿಹಾರಿಯವರು 1957ರ ಸುಮಾರಿಗೆ ಶಸ್ತ್ರಚಿಕಿತ್ಸೆಯೊಂದರ ನಂತರ ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡರು. ಸತ್ಯಜಿತ್ ರಾಯ್ ಅವರ ಬಗ್ಗೆ 1972ರಲ್ಲಿ ತೆಗೆದ ಸಾಕ್ಷ್ಯಚಿತ್ರವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಕಣ್ಣು ಹೋದ ಮೇಲೆ ಅವರು ಕೆಲಸ ನಿಲ್ಲಿಸಲಿಲ್ಲ. ಕಾಗದವನ್ನು ಕತ್ತರಿಸಿ ಅಂಟಿಸಿದರು, ಬೆರಳ ತುದಿಯ ಸ್ಪರ್ಶವನ್ನೇ ನೆಚ್ಚಿ ರೂಪಗಳನ್ನು ಕಟ್ಟಿದರು. ತಾವು ಕೈಯಾಡಿಸುವ ಸಾಮಗ್ರಿಯನ್ನು ಬದುಕಿನ ಮಧ್ಯದಲ್ಲಿ ಬದಲಿಸಬೇಕಾಗಿ ಬಂದ ಮನುಷ್ಯನ ಮನೆಯಲ್ಲಿ ಈ ಮಗಳು ಬೆಳೆದಳು. ಬಿನೋದ್ ಬಿಹಾರಿಯವರು ವರ್ಣದಿಂದ ಕಾಗದಕ್ಕೆ ‘ಇಳಿದರು’ ಎಂದು ಇದುವರೆಗೆ ಯಾರೂ ಬರೆದಂತಿಲ್ಲ.

ಬರೋಡದ ಕಲಾಶಾಲೆಯಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಕೆ.ಜಿ. ಸುಬ್ರಮಣ್ಯನ್. ಇಲ್ಲಿ ನನ್ನಂಥ ಸರ್ಕಾರಿ ನೌಕರನಿಗೆ ಪ್ರಿಯವಾದ ಒಂದು ಸಂಗತಿಯಿದೆ. ಸುಬ್ರಮಣ್ಯನ್ 1959ರಿಂದ 1961ರವರೆಗೆ ಮುಂಬಯಿಯಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯ ವಿನ್ಯಾಸ ವಿಭಾಗದ ಉಪನಿರ್ದೇಶಕರಾಗಿದ್ದರು. ಅಂದರೆ ಕಡತ, ಟಿಪ್ಪಣಿ, ಪ್ರವಾಸಭತ್ಯೆಗಳ ಲೋಕ. 1956ರಲ್ಲಿ ನೇಕಾರರ ಸೇವಾ ಕೇಂದ್ರಗಳು ಆರಂಭವಾದಾಗ ಪುಪುಲ್ ಜಯಕರ್ ಅವರು ಚಿತ್ರಕಾರರನ್ನು ಮಗ್ಗಗಳ ಬಳಿಗೆ ಕಳುಹಿಸಿದರು. ಆ ಕಾಲದ ಎಷ್ಟೋ ಒಳ್ಳೆಯ ಕಲಾವಿದರು ಸರ್ಕಾರದ ಸಂಬಳ ಪಡೆದು ನೂಲು, ಬಣ್ಣ, ಅಚ್ಚುಗಳ ನಡುವೆ ಕೆಲವು ವರ್ಷ ಕಳೆದರು. ಕುಶಲಕರ್ಮಿಗೂ ಕಲಾವಿದನಿಗೂ ನಡುವೆ ಗೋಡೆ ಇರಬೇಕಾಗಿಲ್ಲ ಎಂಬ ನಂಬಿಕೆ ಸುಬ್ರಮಣ್ಯನ್ನರಿಗೆ ಶಾಂತಿನಿಕೇತನದಿಂದಲೇ ಬಂದಿತ್ತು. ಅದು ಬಲಿತದ್ದರಲ್ಲಿ ಮಂಡಳಿಯ ಆ ಎರಡು ವರ್ಷಗಳ ಪಾಲೂ ಇದ್ದೀತು. ಬರೋಡಕ್ಕೆ ಮರಳಿದ ಅವರ ಕೈಕೆಳಗೆ ಭಿತ್ತಿಕಲೆಯನ್ನು ಅಭ್ಯಾಸ ಮಾಡುತ್ತ ಮೃಣಾಲಿನಿ ಹಗ್ಗವನ್ನು ಕೈಗೆತ್ತಿಕೊಂಡರು. 1972ರಲ್ಲಿ ದೆಹಲಿಯ ಶ್ರೀಧರಾಣಿ ಗ್ಯಾಲರಿಯಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಆ ಕೈಮಗ್ಗ ಮಂಡಳಿಯನ್ನು 2020ರಲ್ಲಿ ಸರ್ಕಾರ ವಿಸರ್ಜಿಸಿದಾಗ ಪತ್ರಿಕೆಗಳಲ್ಲಿ ಬಂದ ವಿದಾಯದ ಮಾತುಗಳಲ್ಲಿ ಈ ವಂಶವೃಕ್ಷದ ಪ್ರಸ್ತಾಪವನ್ನು ನಾನು ಕಾಣಲಿಲ್ಲ.

(ಮೃಣಾಲವೆಂದರೆ ತಾವರೆಯ ದಂಟು, ಅದರೊಳಗಿನ ಎಳೆ. ಹೆಸರಿಡುವಾಗ ತಂದೆತಾಯಿಗಳಿಗೆ ಮುಂದಾಗುವುದು ಗೊತ್ತಿರಲಿಕ್ಕಿಲ್ಲ.)

ಹಗ್ಗದ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಏಣಿಯ ವಾದ ಮುರಿಯುವುದು ಅಲ್ಲಿಯೇ. ನಮ್ಮ ಕಡೆ ಬಾವಿಯ ಹಗ್ಗ, ಎತ್ತಿನ ಮೂಗುದಾರ, ಗೋಣಿಚೀಲಗಳೊಡನೆ ನೆನಪಾಗುವಂಥ ನಾರು ಅದು. ಪೇಟೆಯಿಂದ ರಾಶಿಯಾಗಿ ಕೊಂಡು ತಂದ ಹಗ್ಗವನ್ನು ದಪ್ಪ ಸಣ್ಣಗಳ ಪ್ರಕಾರ ವಿಂಗಡಿಸಬೇಕು, ಬಣ್ಣದಲ್ಲಿ ಅದ್ದಬೇಕು, ಒಣಗಿಸಬೇಕು. ಆಮೇಲೆ ಗಂಟು. ಮಗ್ಗವಿಲ್ಲ, ಸೂಜಿಯಿಲ್ಲ, ಹಾಸು ಹೊಕ್ಕುಗಳ ಲೆಕ್ಕವೂ ಇಲ್ಲ. ಒಂದು ಗಂಟು, ಅದರ ಪಕ್ಕಕ್ಕೆ ಇನ್ನೊಂದು ಗಂಟು, ಕೆಳಗೆ ಮತ್ತೊಂದು ಸಾಲು. ಮುಂಚಿತವಾಗಿ ನಕ್ಷೆ ಬರೆದುಕೊಂಡು ಅದರಂತೆ ಕಟ್ಟುವ ಪದ್ಧತಿ ಅವರದಾಗಿರಲಿಲ್ಲ; ಕಟ್ಟುತ್ತ ಹೋದಂತೆ ರೂಪ ತಾನಾಗಿ ತೆರೆದುಕೊಳ್ಳಬೇಕಿತ್ತು. ಒಂದೊಂದು ದೊಡ್ಡ ಕೃತಿಗೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತಿತ್ತು.

ಆರಂಭದ ಕೃತಿಗಳು ಗೋಡೆಗೆ ಆತುಕೊಂಡವು. ಎದುರು ನಿಂತು ನೋಡಬೇಕು, ಹಿಂಬದಿ ಎಂಬುದಿಲ್ಲ. ಗಿಡ, ಬಳ್ಳಿ, ನೀರು, ಪ್ರಾಣಿಗಳ ಛಾಯೆ. ಇವುಗಳನ್ನು ಗೋಡೆಯ ಅಲಂಕಾರವೆಂದು ಯಾರಾದರೂ ಕರೆದಿದ್ದರೆ ಅವರನ್ನು ದೂಷಿಸಲಾಗದು. ಬದಲಾವಣೆ ಕಾಣತೊಡಗುವುದು ಎಪ್ಪತ್ತರ ದಶಕದ ಕೊನೆಗೆ. 1978ರಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ವಿದ್ಯಾರ್ಥಿವೇತನದ ಮೇಲೆ ಅವರು ಇಂಗ್ಲೆಂಡಿಗೆ ಹೋಗಿದ್ದರು. 1980ರ ದಶಕಕ್ಕೆ ಬಂದಾಗ ಹಗ್ಗ ಗೋಡೆಯನ್ನು ಬಿಟ್ಟು ಈಚೆಗೆ ಬಂದಿದೆ, ಚಾವಣಿಯಿಂದ ತೂಗುತ್ತಿದೆ, ಸುತ್ತ ನಡೆದು ನೋಡಬೇಕಾದ ಗಾತ್ರವನ್ನು ಪಡೆದಿದೆ. ‘ರುದ್ರ’, ‘ದೇವಿ’, ‘ಯಕ್ಷಿ’, ‘ಪಕ್ಷಿ’, ‘ಬಸಂತಿ’ ಎಂಬ ಹೆಸರಿನ ಆಕೃತಿಗಳು ಈ ಕಾಲದವು. ಗಾಢ ನೇರಳೆ, ಕಾವಿ, ಕಪ್ಪು, ಹಸಿರು. ಮಡಿಕೆಯೊಳಗೆ ಮಡಿಕೆ, ತುಟಿಯಂಥ ಅಂಚು, ಯೋನಿಯನ್ನೂ ದಳವನ್ನೂ ಏಕಕಾಲಕ್ಕೆ ನೆನಪಿಸುವ ಬಿರುಕು. ಯಾವ ಪುರಾಣದ ಯಾವ ದೇವತೆ ಎಂದು ಕೇಳಿದರೆ ಉತ್ತರವಿಲ್ಲ. ಗರ್ಭಗುಡಿಯ ಮುಂದೆ ನಿಂತಾಗ ಆಗುವ ಸಣ್ಣ ಅಳುಕು ಮಾತ್ರ ಇಲ್ಲಿಯೂ ಆಗುತ್ತದೆ. ತೊಂಬತ್ತರ ದಶಕದ ಹೊತ್ತಿಗೆ ಒಳಗೆ ಲೋಹದ ಹಂದರದ ಆಸರೆ ಪಡೆದು ಅವು ನೆಲದ ಮೇಲೆ ತಾವಾಗಿ ನಿಂತವು, ಕುಳಿತವು. 1994ರ ‘ವನಶ್ರೀ’ ಆಳೆತ್ತರವನ್ನು ಮೀರಿದ ಆಸನಸ್ಥ ಮೂರ್ತಿ.

ಗಮನಿಸಬೇಕಾದದ್ದು ಇದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹಗ್ಗ ಬದಲಾಗಲಿಲ್ಲ, ಗಂಟೂ ಬದಲಾಗಲಿಲ್ಲ. ಬದಲಾದದ್ದು ಹಗ್ಗದ ತೂಕದೊಡನೆ ಕಲಾವಿದೆಗಿದ್ದ ಸಂಬಂಧ. ಹಗ್ಗಕ್ಕೆ ಜೋಲುವುದು ಸ್ವಭಾವ. ಮೊದಲಲ್ಲಿ ಆ ಜೋಲುವಿಕೆಯನ್ನು ಗೋಡೆ ಹೊತ್ತುಕೊಂಡಿತು. ಆಮೇಲೆ ಜೋಲುವಿಕೆಯೇ ರೂಪವಾಯಿತು, ಸೆರಗಿನಂತೆ, ಜಟೆಯಂತೆ, ತೂಗುವ ಸ್ತನದಂತೆ. ಕೊನೆಗೆ ಜೋಲುವ ವಸ್ತುವೇ ಎದ್ದು ನಿಂತಿತು. ಸಾಮಗ್ರಿಯ ವಿಕಾಸವೆಂದರೆ ಸಾಮಗ್ರಿಯನ್ನು ಬದಲಿಸುತ್ತ ಹೋಗುವುದು ಎಂದು ತಿಳಿದವರು ಈ ಅವಧಿಯನ್ನು ಒಂದೇ ಮೆಟ್ಟಿಲೆಂದು ಎಣಿಸಿ ದಾಟಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ಪಯಣವಿರುವುದು ಇಲ್ಲಿಯೇ.

ತೊಂಬತ್ತರ ದಶಕದ ನಡುವಿನಲ್ಲಿ ಮೃಣಾಲಿನಿಯವರು ನೆದರ್ಲೆಂಡ್ಸಿನ ಸೆರಾಮಿಕ್ ಕೇಂದ್ರವೊಂದರಲ್ಲಿ ಮಣ್ಣಿನ ಕೆಲಸ ಆರಂಭಿಸಿದರು. ಆದರೆ ಹಗ್ಗ ಅಲ್ಲಿಗೆ ಮುಗಿಯಲಿಲ್ಲ. ‘ಆದಿ ಪುಷ್ಪ’ದ ಎರಡನೆಯ ಕೃತಿ 1998-99ರದು, ‘ಜಬಾ’ (ಬಂಗಾಳಿಯಲ್ಲಿ ದಾಸವಾಳ) 2000ದ್ದು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಎರಡೂ ಸಣಬಿನವು. ಅಂದರೆ ಒಂದು ಕೈ ಮಣ್ಣಿನಲ್ಲಿ ಹೂವಿನ ದಳಗಳನ್ನು ಮಡಿಚುತ್ತಿದ್ದಾಗಲೇ ಇನ್ನೊಂದು ಕೈ ಗಂಟು ಹಾಕುತ್ತಿತ್ತು. ಏಣಿ ಹತ್ತುವವನು ಕೆಳಗಿನ ಮೆಟ್ಟಿಲಿನ ಮೇಲೆ ಐದಾರು ವರ್ಷ ಕಾಲಿಟ್ಟುಕೊಂಡೇ ಇರುವುದಿಲ್ಲ. ಆಮೇಲೆ, 2003ರ ಸುಮಾರಿನಿಂದ, ಕಂಚು. ಅದೂ ಹೇಗೆ? ಮೇಣವನ್ನು ಕೈಯಲ್ಲೇ ಹಿಂಡಿ, ಮಡಿಚಿ, ಎಲೆ ಕಾಂಡಗಳನ್ನು ಅದರೊಡನೆ ಕೂಡಿಸಿ, ಮೇಣ ಕರಗಿಸಿ ಎರಕ ಹೊಯ್ಯುವ ನಮ್ಮ ಹಳೆಯ ಪದ್ಧತಿಯಲ್ಲಿ. ಮೇಲ್ಮೈಯ ಸೂಕ್ಷ್ಮಗಳಿಗೆ ದಂತವೈದ್ಯರು ಬಳಸುವಂಥ ಸಣ್ಣ ಉಪಕರಣಗಳನ್ನು ಹಿಡಿದು. ಕೊನೆಯ ವರ್ಷಗಳ ‘ಪಾಮ್‌ಸ್ಕೇಪ್’ ಸರಣಿಯಲ್ಲಿ ತಾಳೆಯ ಜಾತಿಯ ಮರಗಳ ಗರಿ, ಹಾಳೆ, ಹೊಂಬಾಳೆಗಳು ಕಂಚಾಗಿ ನೆಲದ ಮೇಲೆ ಒರಗಿವೆ. ಕಂಚನ್ನು ಹಗ್ಗದಂತೆ ಜೋಲುವಂತೆ ಮಾಡುವುದು ಅವರ ಹಟವಾಗಿತ್ತೋ ಏನೋ. ಕಂಚಿನ ಮೇಲೆ ನಾರಿನ ಗೆರೆಗಳೇ ಕಾಣಿಸುತ್ತವೆ.

2015ರ ಜನವರಿ ಕೊನೆಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಸಮಗ್ರ ಪ್ರದರ್ಶನ ಆರಂಭವಾಯಿತು. ಫೆಬ್ರವರಿ 2ರಂದು, ಪ್ರದರ್ಶನ ತೆರೆದ ವಾರದಲ್ಲೇ, ಅವರು ತೀರಿಕೊಂಡರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್, 2022ರಲ್ಲಿ ವೆನಿಸ್ ದ್ವೈವಾರ್ಷಿಕ, 2025ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಹೀಗೆ ಕೀರ್ತಿ ಹರಡಿತು. ವೆನಿಸ್ಸಿನಲ್ಲಿ ನಿಂತದ್ದು ಹಗ್ಗದ ದೇವತೆಗಳೇ ಎಂಬುದನ್ನು ಏಣಿಯವರು ನೆನಪಿಡಬೇಕು.

ಮೃಣಾಲಿನಿಯವರದು ಒಂಟಿ ಉದಾಹರಣೆಯೂ ಅಲ್ಲ. ಪೋಲೆಂಡಿನ ಮಗ್ಡಲೇನಾ ಅಬಕಾನೋವಿಚ್ (1930-2017) ಅರವತ್ತರ ದಶಕದಲ್ಲಿ ಕತ್ತಾಳೆ ನಾರಿನಿಂದ ಮನುಷ್ಯನನ್ನು ನುಂಗುವಷ್ಟು ದೊಡ್ಡ ನೇಯ್ಗೆಗಳನ್ನು ತೂಗುಬಿಟ್ಟರು, ಎಪ್ಪತ್ತರಲ್ಲಿ ಗೋಣಿತಟ್ಟಿನಿಂದ ತಲೆಯಿಲ್ಲದ ಬೆನ್ನುಗಳನ್ನು ಅಚ್ಚು ಹಾಕಿದರು, ಆಮೇಲೆ ಕಂಚಿಗೆ ಕೈಹಾಕಿದರು. ಅವರ ಬಗ್ಗೆಯೂ ಅದೇ ‘ತಲುಪಿದರು’. ಯುದ್ಧ ಕಂಡ ದೇಶದಲ್ಲಿ, ಇಕ್ಕಟ್ಟಾದ ವಾಸದಲ್ಲಿ, ಕೈಗೆ ಸಿಕ್ಕ ಹಳೆಯ ಹಗ್ಗವನ್ನು ಬಿಚ್ಚಿ ನೇಯ್ದದ್ದು ಎಂಥ ಕಲ್ಪನೆಯ ಕೆಲಸ ಎಂಬುದು ಆ ಕ್ರಿಯಾಪದದಲ್ಲಿ ಮುಚ್ಚಿಹೋಗುತ್ತದೆ.

ಇನ್ನು ಏಣಿಯ ಮೂಲಕ್ಕೆ ಬರುತ್ತೇನೆ. ಸಾಮಗ್ರಿಯನ್ನು ನೋಡಿ ಕಲೆಯನ್ನು ತೂಗುವ ಅಭ್ಯಾಸಕ್ಕೆ ಜಗತ್ಪ್ರಸಿದ್ಧ ದೃಷ್ಟಾಂತ ಸುಂಕದ ಕಟ್ಟೆಯದೇ. 1926ರಲ್ಲಿ ಬ್ರಾಂಕುಸಿಯ ‘ಹಾರುವ ಹಕ್ಕಿ’ಯ ಕಂಚಿನ ಶಿಲ್ಪ ನ್ಯೂಯಾರ್ಕಿಗೆ ಬಂದಾಗ ಅಲ್ಲಿನ ಸುಂಕಾಧಿಕಾರಿಗಳು ಅದನ್ನು ಅಡುಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನುಗಳ ವರ್ಗಕ್ಕೆ ಸೇರಿಸಿ ಶೇಕಡಾ 40ರ ಸುಂಕ ಹಾಕಿದರು. 1928ರಲ್ಲಿ ನ್ಯಾಯಾಲಯ ಅದು ಕಲೆಯೆಂದು ತೀರ್ಪಿತ್ತಿತು. ಈ ಕಥೆಯನ್ನು ಹೇಳಿ ಅಧಿಕಾರಿಗಳನ್ನು ಗೇಲಿ ಮಾಡುವುದು ವಾಡಿಕೆ. ನಾನು ಮಾಡಲಾರೆ, ವರ್ಗೀಕರಣವೆಂಬುದು ಎಷ್ಟು ಕಷ್ಟದ ಕೆಲಸವೆಂದು ಅದನ್ನು ಮಾಡಿದವನಿಗೆ ಗೊತ್ತು. ಇಂದು ನಮ್ಮ ಸುಂಕಪಟ್ಟಿಯ 97ನೆಯ ಅಧ್ಯಾಯವನ್ನು ತೆರೆದರೆ 9703ನೆಯ ಶೀರ್ಷಿಕೆಯಲ್ಲಿ ಮೂಲ ಶಿಲ್ಪಗಳು ಯಾವುದೇ ಸಾಮಗ್ರಿಯವಾಗಿರಬಹುದೆಂದು ಸ್ಪಷ್ಟವಾಗಿ ಬರೆದಿದೆ. ಎಂಥ ಉದಾರ ವಾಕ್ಯ! ಹಗ್ಗಕ್ಕೆ 56ನೆಯ ಅಧ್ಯಾಯದಲ್ಲಿ ಬೇರೆ ಮನೆಯಿದೆ; ಆದರೆ ಹಗ್ಗ ಶಿಲ್ಪವಾದ ಕ್ಷಣ 97ಕ್ಕೆ ಬರಬಹುದು. ಇಷ್ಟಕ್ಕೇ ಸಂತೋಷಪಡುವ ಮುನ್ನ ಆ ಅಧ್ಯಾಯದ ಟಿಪ್ಪಣಿಯನ್ನೂ ಓದಬೇಕು. ವಾಣಿಜ್ಯಸ್ವರೂಪದ ಸಾಂಪ್ರದಾಯಿಕ ಕುಶಲಕೆಲಸಗಳನ್ನು, ಅವು ಕಲಾವಿದರೇ ರಚಿಸಿದವಾಗಿದ್ದರೂ, ಆ ಶೀರ್ಷಿಕೆಯಿಂದ ಹೊರಗಿಡಲಾಗಿದೆ. ಸಾಮಗ್ರಿಯ ಬೇಲಿಯನ್ನು ಕಿತ್ತವರೇ ಸಂಪ್ರದಾಯದ ಬೇಲಿಯನ್ನು ನೆಟ್ಟಿದ್ದಾರೆ. ಸುಂಕ ವಸೂಲಿಯ ದೃಷ್ಟಿಯಿಂದ ಇದಕ್ಕೆ ಕಾರಣಗಳಿವೆ, ಒಪ್ಪುತ್ತೇನೆ. ಆದರೆ ಇದೇ ಬೇಲಿ ನಮ್ಮ ವಸ್ತುಸಂಗ್ರಹಾಲಯಗಳಲ್ಲಿ, ಪ್ರಶಸ್ತಿಗಳಲ್ಲಿ, ನಮ್ಮ ಮನಸ್ಸಿನಲ್ಲಿ ನಿಲ್ಲಬೇಕಾಗಿಲ್ಲ.

ದೆಹಲಿಯ ಕನ್ನಡಿಗರಿಗೆ ಇದರ ಪ್ರತ್ಯಕ್ಷ ಸಾಕ್ಷ್ಯ ನಡಿಗೆಯ ದೂರದಲ್ಲಿದೆ. ಇಂಡಿಯಾ ಗೇಟಿನ ಬಳಿ ಜೈಪುರ ಹೌಸಿನಲ್ಲಿರುವ ಆಧುನಿಕ ಕಲಾ ಸಂಗ್ರಹಾಲಯ ಸಂಸ್ಕೃತಿ ಸಚಿವಾಲಯಕ್ಕೆ ಸೇರಿದ್ದು. ಭೈರೋ ಮಾರ್ಗದ, ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಕರಕುಶಲ ವಸ್ತುಸಂಗ್ರಹಾಲಯ ಜವಳಿ ಸಚಿವಾಲಯಕ್ಕೆ ಸೇರಿದ್ದು. ಈ ಎರಡನೆಯದರಲ್ಲಿ ನಮ್ಮ ಕರಾವಳಿಯ ಭೂತಗಳಿವೆ: ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಪರಂಪರೆಯ, ಕಣ್ಣರಳಿಸಿ ನಿಂತ ಮರದ ಮಹಾವಿಗ್ರಹಗಳು. ಮರದಲ್ಲಿ ಕಡೆದ ಆ ಶಿಲ್ಪಗಳು ಜವಳಿ ಸಚಿವಾಲಯದ ಸ್ವತ್ತು. ಹಗ್ಗದಲ್ಲಿ ಕಟ್ಟಿದ ದೇವಿ ಸಂಸ್ಕೃತಿ ಸಚಿವಾಲಯದ ಅಂಗಳದಲ್ಲಿ ಶಿಲ್ಪವೆಂದು ಮನ್ನಣೆ ಪಡೆದಳು. ಸಾಮಗ್ರಿಯ ತರ್ಕದಿಂದ ನೋಡಿದರೆ ಇದು ಅದಲುಬದಲಾಗಬೇಕಿತ್ತು. ಹಾಗಾಗದೆ ಇದ್ದುದಕ್ಕೆ ಕಾರಣ ಸುಲಭ: ಒಂದಕ್ಕೆ ಮಾಡಿದವರ ಸಹಿಯಿದೆ, ಮತ್ತೊಂದಕ್ಕೆ ಇಲ್ಲ.

ಭೂತಾರಾಧನೆಯನ್ನು ಕಂಡವರಿಗೆ ಸಾಮಗ್ರಿಯ ಏಣಿ ಎಂಬುದೇ ವಿಚಿತ್ರವಾಗಿ ತೋರಬೇಕು. ಅಲ್ಲಿ ಎಳೆಯ ತೆಂಗಿನ ಗರಿಯ ಸಿರಿಯಿದೆ. ಒಂದು ರಾತ್ರಿ ಉಟ್ಟು ಬೆಳಗಾಗುವ ಹೊತ್ತಿಗೆ ಬಾಡುವ ವಸ್ತು. ಅದರ ಜೊತೆಗೇ ತಲೆಮಾರುಗಳಿಂದ ಭಂಡಾರದಲ್ಲಿ ಕಾದಿಟ್ಟ ಲೋಹದ ಮೊಗವಿದೆ. ಹಲಸಿನ ಮರದ ಉರುವಿದೆ. ಅಡಕೆಯ ಹಾಳೆಯಿದೆ, ಮುಖಕ್ಕೆ ಬಳಿದ ಅರದಾಳದ ಹಳದಿಯಿದೆ. ದೈವ ಗರಿಯಿಂದ ಮರಕ್ಕೆ, ಮರದಿಂದ ಲೋಹಕ್ಕೆ ಬಡ್ತಿ ಪಡೆಯುತ್ತದೆಂದು ಯಾರೂ ಹೇಳುವುದಿಲ್ಲ. ಬಾಡುವುದಕ್ಕೆ ಒಂದು ಕೆಲಸವಿದೆ, ಬಾಳುವುದಕ್ಕೆ ಇನ್ನೊಂದು. ಮೃಣಾಲಿನಿಯವರ ಹಗ್ಗ, ಮಣ್ಣು, ಕಂಚುಗಳನ್ನು ಒಂದೇ ಚಾವಡಿಯಲ್ಲಿ ಕಂಡಾಗ ನನಗೆ ಹೊಳೆದ ಹೋಲಿಕೆ ಇದು. ಅವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ಹೇಳುತ್ತಿಲ್ಲ. ನೋಡುವವನು ತನ್ನೂರನ್ನು ಜೊತೆಗೆ ತಂದಿರುತ್ತಾನೆ.

ಈಗ ನನ್ನ ನಿಜವಾದ ಅಸಮಾಧಾನದ ವಿಷಯ. ಕಲಾವಿದೆಯೊಬ್ಬಳು ಸಾಮಗ್ರಿಯನ್ನು ಬದಲಿಸಿದರೆ ನಾವು ವಿಕಾಸವೆನ್ನುತ್ತೇವೆ. ನೇಕಾರ ಬದಲಿಸಿದರೆ ಅವನತಿ ಎನ್ನುತ್ತೇವೆ. ಇಳಕಲ್ಲಿನ ಸೀರೆಯನ್ನು ನೋಡಿ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸೆಳೆಗಳನ್ನೂ ಸೆರಗಿನ ಹಾಸೆಳೆಗಳನ್ನೂ ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಸಿ ಕೂಡಿಸುವ ಕೌಶಲ ಆ ಊರಿನ ವೈಶಿಷ್ಟ್ಯ. ಎರಡು ಭಿನ್ನ ಸ್ವಭಾವದ ನೂಲುಗಳು ಎಳೆಎಳೆಯಾಗಿ ಕೈಹಿಡಿಯುವ ಜಾಗ ಅದು. ಬೇರೊಂದು ದೇಶದಲ್ಲಿ, ಬೇರೊಬ್ಬರ ಕೈಯಲ್ಲಿ ಆಗಿದ್ದರೆ ಅದರ ಮೇಲೆ ಪ್ರಬಂಧಗಳು ಬರುತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಈ ಮಗ್ಗಗಳಿಗೆ ಕೃತಕ ರೇಷ್ಮೆ ಬಂತು. ಮುಂದೆ ಪಾಲಿಯೆಸ್ಟರೂ ಯಂತ್ರಮಗ್ಗವೂ ಬಂದವು. ನಮ್ಮ ಸಂಘಗಳ ಸಭೆಗಳಲ್ಲಿ ಇದನ್ನು ಪ್ರಸ್ತಾಪಿಸುವವರೆಲ್ಲ ‘ಅಸಲಿ ಇಳಕಲ್ ಈಗೆಲ್ಲಿ’ ಎಂದು ನಿಟ್ಟುಸಿರಿಡುತ್ತಾರೆ. ಕೃತಕ ರೇಷ್ಮೆಯ ಹೊಳಪು ಕೆಂಪು ಸೆರಗಿಗೆ ಬೇರೊಂದು ಗುಣ ಕೊಟ್ಟಿತೇ, ಹಗುರವಾದ ಎಳೆಯನ್ನು ಹತ್ತಿಗೆ ಸಿಕ್ಕಿಸಲು ನೇಕಾರ ಬಿಗಿತವನ್ನು ಹೇಗೆ ತಿದ್ದಿಕೊಂಡ ಎಂದು ಕೇಳಿದವರನ್ನು ನಾನು ಕಾಣೆ. ಮೃಣಾಲಿನಿಯವರ ಬಗ್ಗೆ ನಾವು ಕೇಳುವ ಪ್ರಶ್ನೆಗಳು ಇವೇ ಅಲ್ಲವೇ?

ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲವೆಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಿರುಳಿದೆ. ಮೃಣಾಲಿನಿಯವರು ಬದಲಿಸಿದ್ದು ತಮ್ಮ ಇಚ್ಛೆಯಿಂದ. ನೇಕಾರ ಬದಲಿಸಿದ್ದು ರೇಷ್ಮೆಯ ಬೆಲೆಯಿಂದ, ಸಾಹುಕಾರನ ಆಜ್ಞೆಯಿಂದ. ಬದಲಾವಣೆಯಿಂದ ನಷ್ಟವಾಗುವುದೂ ಸುಳ್ಳಲ್ಲ. ಕಸೂತಿ ಹಾಕುವ ನಮ್ಮ ಉತ್ತರ ಕರ್ನಾಟಕದ ಹೆಂಗಸರು ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳದೆ ಎಳೆ ಎಣಿಸಿ ಗೋಪುರ, ತೇರು, ನವಿಲುಗಳನ್ನು ಮೂಡಿಸುತ್ತಿದ್ದರು; ಎಳೆ ಎಣಿಸಲು ಬಾರದ ನುಣುಪು ಬಟ್ಟೆ ಬಂದಾಗ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಒಳಲೆಕ್ಕವೇ ತಪ್ಪಿತು. ಇದನ್ನು ವಿಕಾಸವೆಂದು ಹೊಗಳಲು ನಾನು ಸಿದ್ಧನಿಲ್ಲ. ಆದರೆ ಈ ವಾದವನ್ನು ಪೂರ್ಣ ಬೆಳೆಸಿದರೆ ಬರುವ ಪ್ರಶ್ನೆ ಬೇರೆ: ಒಬ್ಬರಿಗೆ ಇಚ್ಛೆಯ ಅವಕಾಶವಿದ್ದು ಇನ್ನೊಬ್ಬರಿಗೆ ಏಕಿಲ್ಲ? 1985ರ ಕೈಮಗ್ಗ ಮೀಸಲಾತಿ ಕಾಯಿದೆಯನ್ನೇ ತೆಗೆದುಕೊಳ್ಳಿ. ಯಂತ್ರಮಗ್ಗದ ದಾಳಿಯಿಂದ ನೇಕಾರರನ್ನು ರಕ್ಷಿಸಲು ಮೊದಲು 22 ಬಗೆಯ ವಸ್ತುಗಳನ್ನು ಕೈಮಗ್ಗಕ್ಕೆ ಮೀಸಲಿಡಲಾಯಿತು, ಅನಂತರ ಪಟ್ಟಿ 11ಕ್ಕೆ ಇಳಿಯಿತು. ಕಾಯಿದೆಯ ಉದ್ದೇಶವನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ; ಜಾರಿಯ ಸಡಿಲತೆ ಬೇರೆ ಮಾತು. ಆದರೂ ಪಟ್ಟಿ ಎಂದಮೇಲೆ ಅದು ಸೀರೆ, ಧೋತಿ, ಟವೆಲ್ಲುಗಳ ಪಟ್ಟಿ. ನಾಳೆ ಒಬ್ಬ ನೇಕಾರನಿಗೆ ಪಟ್ಟಿಯಲ್ಲಿಲ್ಲದ್ದನ್ನು, ಉಡಲು ಬಾರದ್ದನ್ನು, ಏನೆಂದು ಹೆಸರಿಡಲಾಗದ್ದನ್ನು ನೇಯಬೇಕೆನ್ನಿಸಿದರೆ ಅದಕ್ಕೆ ನೂಲು ಕೊಡುವವರು, ಒಂದು ವರ್ಷ ಅವನ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳುವವರು ಯಾರು? ಕುಶಲಕರ್ಮಿಗಳಿಗೆ 1965ರಿಂದ ರಾಷ್ಟ್ರಪ್ರಶಸ್ತಿಗಳಿವೆ. ಸಂಪ್ರದಾಯವನ್ನು ಉಳಿಸಿದ್ದಕ್ಕೆ ಅವು ದೊರೆಯುತ್ತವೆ. ಅದರೊಳಗಿಂದ ದಾರಿ ತಪ್ಪಿದ್ದಕ್ಕೆ ದೊರೆಯುವುದು ವಿರಳ.

ಇನ್ನೊಂದು ವ್ಯಾವಹಾರಿಕ ವಿಷಯ. ಹಗ್ಗಕ್ಕೆ ಬಿಸಿಲು, ಧೂಳು, ಹುಳುಗಳೆಲ್ಲವೂ ಶತ್ರುಗಳು. ಕಂಚಿಗೆ ಕಾವಲುಗಾರನೊಬ್ಬ ಸಾಕು. ಹಗ್ಗಕ್ಕೆ ತಜ್ಞ ಬೇಕು, ಮಿತವಾದ ಬೆಳಕು ಬೇಕು, ವರ್ಷವರ್ಷವೂ ಹಣ ಬೇಕು. ಸಾರ್ವಜನಿಕ ಸಂಸ್ಥೆಗಳು ಬಾಳಿಕೆಯ ಸಾಮಗ್ರಿಯನ್ನು ಮೇಲೆಂದು ಭಾವಿಸುವುದರ ಹಿಂದೆ ಸೌಂದರ್ಯದ ವಿಚಾರಕ್ಕಿಂತ ನಿರ್ವಹಣಾ ವೆಚ್ಚದ ವಿಚಾರ ಹೆಚ್ಚಾಗಿರುತ್ತದೆಂದು ಅನುಭವದಿಂದ ಹೇಳಬಲ್ಲೆ. ಅದನ್ನು ವೆಚ್ಚವೆಂದೇ ಒಪ್ಪಿಕೊಂಡರೆ ಚರ್ಚೆ ಪ್ರಾಮಾಣಿಕವಾಗುತ್ತದೆ. ಕಲಾಸಿದ್ಧಾಂತದ ವೇಷ ತೊಡಿಸಿದಾಗ ಏಣಿ ಹುಟ್ಟುತ್ತದೆ.

ಹೊರನಾಡಿನಲ್ಲಿರುವ ನಾವು ಈ ವಿಷಯದಲ್ಲಿ ಬಹಳ ಮುಂದಿದ್ದೇವೆಂದು ಹೇಳಿಕೊಳ್ಳುವಂತಿಲ್ಲ. ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ರಾಜ್ಯೋತ್ಸವದ ಏರ್ಪಾಡು ಒಂದೇ ಬಗೆಯದು. ವೇದಿಕೆಯ ಮೇಲೆ ಕವಿ, ಗಾಯಕ, ನರ್ತಕಿ. ಶಾಲು, ಹಾರ, ಗೌರವಧನ. ಸಭಾಂಗಣದ ಹೊರಗೆ, ಪಾದರಕ್ಷೆ ಬಿಡುವ ಜಾಗಕ್ಕೆ ಹತ್ತಿರವಾಗಿ, ಮಳಿಗೆಗಳು: ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆ, ಬಿದರಿ ಪಾತ್ರೆ. ಅಲ್ಲಿ ಕುಳಿತವರಿಂದ ನಾವು ಬಾಡಿಗೆ ಪಡೆಯುತ್ತೇವೆ, ಚೌಕಾಶಿ ಮಾಡುತ್ತೇವೆ. ಅವರಲ್ಲಿ ಸ್ವತಃ ನೇಯುವವರು ಯಾರು, ಕೇವಲ ಮಾರುವವರು ಯಾರು ಎಂದು ಕೇಳುವ ವ್ಯವಧಾನವೂ ನಮಗಿಲ್ಲ. ಕವಿಯ ಭಾಷೆ ಮೂವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂದು ವಿಚಾರಸಂಕಿರಣ ನಡೆಸುತ್ತೇವೆ. ನೇಕಾರನ ನೂಲು ಮೂವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದು ನಮಗೆ ಬೆಲೆಪಟ್ಟಿಯ ವಿಷಯ.

ಆದ್ದರಿಂದ ನನ್ನದೊಂದು ಸೂಚನೆ. ಮುಂದಿನ ನವೆಂಬರಿನಲ್ಲಿ ನಮ್ಮ ಸಂಘವು ಮಗ್ಗದ ಮುಂದೆ ಕುಳಿತು ಕೆಲಸ ಮಾಡುವ ಒಬ್ಬ ಇಳಕಲ್ ನೇಕಾರರನ್ನೋ ಎಳೆ ಎಣಿಸಿ ಕಸೂತಿ ಹಾಕುವ ಒಬ್ಬ ಹೆಣ್ಣುಮಗಳನ್ನೋ ಮಳಿಗೆಗೆ ಕರೆಯದೆ ವೇದಿಕೆಗೆ ಕರೆಯಬೇಕು. ಒಂದು ಗಂಟೆಯ ಕಾಲ ಅವರು ತಾವು ಬಳಸಿದ ನೂಲುಗಳ ಬಗ್ಗೆ ಮಾತಾಡಲಿ: ಮೊದಲು ಯಾವುದು ಸಿಗುತ್ತಿತ್ತು, ಯಾವಾಗ ನಿಂತಿತು, ಹೊಸದು ಬಂದಾಗ ಕೈ ಏನು ಮಾಡಿತು, ಯಾವ ನೂಲನ್ನು ಮರಳಿ ಕೊಟ್ಟರೂ ಬೇಡವೆನ್ನುತ್ತಾರೆ, ಹಣದ ಚಿಂತೆಯಿಲ್ಲದೆ ಒಂದು ವರ್ಷ ದೊರೆತರೆ ಏನನ್ನು ನೇಯುತ್ತಾರೆ. ಅವರಿಗೆ ಕವಿಗಳಿಗೆ ಕೊಡುವಷ್ಟೇ ಗೌರವಧನ, ಅದೇ ದರ್ಜೆಯ ರೈಲು ಪ್ರಯಾಣ, ಅದೇ ವಸತಿ ಇರಲಿ. ಭಾಷಣವನ್ನು ಬರೆದುಕೊಂಡು ಈ ತ್ರೈಮಾಸಿಕದಲ್ಲಿ ಅವರ ಹೆಸರಿನಲ್ಲಿಯೇ ಅಚ್ಚು ಹಾಕಬಹುದು. ಅಂದಾಜು ವೆಚ್ಚದ ಪಟ್ಟಿಯೊಡನೆ ಈ ಸೂಚನೆಯನ್ನು ಕಾರ್ಯಕಾರಿ ಸಮಿತಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಮಳಿಗೆಗಳ ಬಾಡಿಗೆಯಿಂದ ಬರುವ ಹಣದಲ್ಲೇ ಅದು ಸರಿದೂಗುತ್ತದೆ.